ಅಮ್ಮನ ಮಂಡಿ ನೋಡಿ ಪ್ಲಾನ್ ಮಾಡಿ: ಬೆಂಗಳೂರಿನಿಂದ ತುಮರಿಗೆ, ಮನೆಮಂದಿ ಸೇರುವ ವಾರಾಂತ್ಯಕ್ಕೆ

ಅಮ್ಮನ ತವರು ಸಾಗರ ತಾಲ್ಲೂಕಿನ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ವರ್ಷಕ್ಕೊಮ್ಮೆ ಅಜ್ಜನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೆಲ್ಲ ಅಲ್ಲಿ ಸೇರುತ್ತೇವೆ. ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರ್. ಕಾರು ಓಡಿಸುವುದು ನಾನು. ಪಕ್ಕದಲ್ಲಿ ನಮ್ಮ ಯಜಮಾನರು, ನಡುವಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು, ಹಿಂದೆ ಸಾಮಾನಿನ ನಡುವೆ ಮಗ.

ಇಂಥ ಪ್ರಯಾಣಕ್ಕೆ ಹೊರಡುವವರು ಮೊದಲು ಮೊಬೈಲಿನ ಮ್ಯಾಪ್ ನೋಡುತ್ತಾರೆ. ಅದು ಎಂಟು ಗಂಟೆ ಅನ್ನುತ್ತದೆ. ಆ ಲೆಕ್ಕ ಒಬ್ಬನೇ ಹೋಗುವ ಹುಡುಗನಿಗೆ ಸರಿ. ನಮ್ಮ ಗಾಡಿಯಲ್ಲಿ 70 ದಾಟಿದ ಅಮ್ಮ ಇದ್ದಾರೆ, ಮಂಡಿ ನೋವಿದೆ. ತಿರುವು ಬಂದರೆ ಹೊಟ್ಟೆ ತೊಳಸುವ ಮಗಳಿದ್ದಾಳೆ. ಹಾಗಾಗಿ ನನ್ನ ಲೆಕ್ಕ ಹತ್ತು ಗಂಟೆ. ಯಾರಿಗೆ ಕೂರಲು ಜಾಸ್ತಿ ಕಷ್ಟವೋ ಅವರ ದೇಹ ನೋಡಿ ಪ್ಲಾನ್ ಮಾಡಿ. ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಸರಿಹೋಗುತ್ತದೆ.

ದಿನ ಗೊತ್ತು ಮಾಡುವುದು

ಅಡಿಕೆ ಬೆಳೆಯುವವರ ಮನೆಗೆ ಹೋಗುವುದಾದರೆ ಅಡಿಕೆ ಗೊನೆ ಕೊಯ್ಯುವ ಸಮಯ ಬೇಡ. ನವೆಂಬರಿನಿಂದ ಹೆಚ್ಚು ಕಡಿಮೆ ಫೆಬ್ರವರಿವರೆಗೆ ಅಂಗಳದ ತುಂಬ ಅಡಿಕೆ, ರಾತ್ರಿಯೆಲ್ಲ ಸುಲಿಯುವ ಕೆಲಸ. ಸೋದರಮಾವ ಪಾಪ "ಬನ್ನಿ, ಬನ್ನಿ" ಅನ್ನುತ್ತಾರೆ. ಆದರೆ ಅತ್ತೆಯ ಮುಖ ನೋಡಿದರೆ ಗೊತ್ತಾಗುತ್ತದೆ. ಜೂನ್‌ನಿಂದ ಆಗಸ್ಟ್ ಮಳೆ. ಮಲೆನಾಡಿನ ಮಳೆ ನೋಡಲು ಚಂದ, ಆದರೆ ನಲವತ್ತು ಜನರ ಬಟ್ಟೆ ಒಣಗಿಸುವವರನ್ನು ಕೇಳಿ ನೋಡಿ! ನಮಗೆ ಅನುಕೂಲ ಮಾರ್ಚ್‌ನಿಂದ ಮೇ. ಮಾರ್ಚ್‌ನಲ್ಲಿ ಮಕ್ಕಳಿಗೆ ಪರೀಕ್ಷೆ. ಹಾಗಾಗಿ ನಾವು ಏಪ್ರಿಲ್ ಕೊನೆ ಅಥವಾ ಮೇ ಮೊದಲ ಭಾಗ ಹಿಡಿಯುತ್ತೇವೆ. ಹಲಸು, ಮಾವು ಎರಡೂ ಸಿಗುವ ಕಾಲ ಅದು.

ಯಾವ ಶನಿವಾರ ಅನ್ನುವುದಕ್ಕೂ ಲೆಕ್ಕವಿದೆ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೂ ಸರ್ಕಾರಿ ಕಚೇರಿಗಳಿಗೂ ರಜೆ. ನಮ್ಮ ಕುಟುಂಬದಲ್ಲಿ ಬ್ಯಾಂಕಿನವರು, ಮೇಷ್ಟರು, ಕಂಪ್ಯೂಟರ್ ಕೆಲಸದವರು ಎಲ್ಲ ಇದ್ದಾರೆ. ಈ ಎರಡರಲ್ಲಿ ಒಂದನ್ನು ಹಿಡಿದರೆ ಅರ್ಧ ತಕರಾರು ಕಡಿಮೆ. ಆಮೇಲೆ ಊರಲ್ಲಿ ಯಾರ ಮನೆಯ ಮದುವೆ, ಉಪನಯನ ಇಲ್ಲ ಅಂತ ಅತ್ತೆಯನ್ನೇ ಕೇಳಬೇಕು. ಮೇ ತಿಂಗಳಲ್ಲಿ ಅದೇ ದೊಡ್ಡ ತೊಂದರೆ. ದಿನಾಂಕವನ್ನು ವಾಟ್ಸಾಪ್ ಗುಂಪಿನಲ್ಲಿ ಚರ್ಚೆಗೆ ಬಿಡಬೇಡಿ. ಅದು ದೀಪಾವಳಿವರೆಗೆ ನಡೆಯುತ್ತದೆ. ಮನೆಯವರ ಹತ್ತಿರ ಮಾತಾಡಿ ಎರಡು ದಿನಾಂಕ ಹಿಡಿದು, ಯಾವುದು ಅಂತ ಮಾತ್ರ ಕೇಳಿ.

ರಜೆ ಒಂದೇ ದಿನ ಸಿಗುವುದಾದರೆ ಶುಕ್ರವಾರ ಹಾಕಿ, ಸೋಮವಾರ ಅಲ್ಲ. ಶುಕ್ರವಾರ ಬೆಳಗ್ಗೆ ಹೊರಟರೆ ಬೆಳಕಿರುವಾಗಲೇ ಮನೆ ಸೇರಬಹುದು. ಶನಿವಾರ ಪೂರ್ತಿ ಕೂಟಕ್ಕೆ ಸಿಗುತ್ತದೆ. ಭಾನುವಾರ ಬೆಳಗ್ಗೆ ಹೊರಟರೂ ಯಾರಿಗೂ ಬೇಜಾರಿಲ್ಲ. ಸೋಮವಾರ ರಜೆ ಹಾಕಿದವರು ಶುಕ್ರವಾರ ಸಂಜೆ ಆಫೀಸು ಮುಗಿಸಿ ತುಮಕೂರು ರಸ್ತೆಗೆ ಬೀಳುತ್ತಾರೆ. ಗೊರಗುಂಟೆಪಾಳ್ಯದಿಂದ ನೆಲಮಂಗಲ ದಾಟುವಷ್ಟರಲ್ಲಿ ಅವರ ಅರ್ಧ ಜೀವ ಹೋಗಿರುತ್ತದೆ.

ಎಲ್ಲರೂ ಕಾರಿನಲ್ಲೇ ಬರಬೇಕಾಗಿಲ್ಲ

ಇದನ್ನು ಯಾರೂ ಯೋಚಿಸುವುದಿಲ್ಲ. ಬೆಂಗಳೂರಿನಿಂದ ತಾಳಗುಪ್ಪಕ್ಕೆ ರಾತ್ರಿ ರೈಲಿದೆ, ಮೈಸೂರಿನಿಂದ ಬರುವುದು. ಬೆಳಗ್ಗೆ ಸಾಗರದಲ್ಲಿ ಇಳಿಸುತ್ತದೆ. ಟಿಕೆಟಿನಲ್ಲಿ ಸ್ಟೇಷನ್ ಹೆಸರು ಸಾಗರ ಜಂಬಗಾರು ಅಂತ ಇರುತ್ತದೆ. ಗಾಬರಿಯಾಗಬೇಡಿ, ಅದೇ ಸಾಗರ. ಕಾಲು ಚಾಚಿ ಮಲಗಿ ಹೋಗಬಹುದು, ಶೌಚಾಲಯ ಹತ್ತಿರವಿದೆ, ವಾಂತಿಯ ಕಾಟ ಇಲ್ಲ. ನಮ್ಮ ದೊಡ್ಡಮ್ಮ ಈಗ ರೈಲಿನಲ್ಲೇ ಬರುತ್ತಾರೆ, ಜೊತೆಗೆ ಒಬ್ಬ ಮೊಮ್ಮಗ. ಊರಿನ ಭಾವ ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗುತ್ತಾರೆ. ಕೆಳಗಿನ ಬರ್ತ್ ಬೇಕಾದರೆ ದಿನಾಂಕ ಗೊತ್ತಾದ ಕೂಡಲೇ ಬುಕ್ ಮಾಡಬೇಕು.

ಅಮ್ಮನಿಗೆ ಮಾತ್ರ ಕಾರೇ ಬೇಕು. ದಾರಿಯುದ್ದಕ್ಕೂ ಮಾತಾಡಬಹುದು ಅಂತ.

ಬೇರೆ ಊರಿನವರಿಗೆ ಬೇರೆ ದಾರಿ. ಮೈಸೂರಿನವರು ಚನ್ನರಾಯಪಟ್ಟಣದ ಮೇಲೆ ಅರಸೀಕೆರೆಗೆ ಬಂದು ನಮ್ಮ ರಸ್ತೆ ಸೇರುತ್ತಾರೆ. ಉಡುಪಿ, ಕುಂದಾಪುರದವರಿಗೆ ಕೊಲ್ಲೂರಿನಿಂದ ನಾಗೋಡಿ ಘಾಟಿ ಹತ್ತಿದರೆ ಆಯಿತು. ಅವರು ಸಾಗರ ನೋಡಬೇಕಾಗಿಯೇ ಇಲ್ಲ. ಎಲ್ಲರೂ ಒಟ್ಟಿಗೆ ಸಾಲಾಗಿ ಕಾರಿನಲ್ಲಿ ಬರೋಣ ಅಂತ ಯಾರಾದರೂ ಹುರುಪಿನ ಹುಡುಗರು ಹೇಳಿದರೆ ಒಪ್ಪಬೇಡಿ. ಒಬ್ಬರಿಗೆ ಟೀ ಬೇಕಾದಾಗ ನಾಲ್ಕು ಕಾರು ನಿಲ್ಲುತ್ತದೆ. ಶಿವಮೊಗ್ಗದಲ್ಲಿ ಊಟಕ್ಕೆ ಸಿಗೋಣ ಅಂತ ಒಂದು ಜಾಗ ಗೊತ್ತುಮಾಡಿದರೆ ಸಾಕು.

ಗಾಡಿ, ಕಾಗದ, ಚೀಲ

ಗ್ಯಾರೇಜಿಗೆ ಕೊಡುವುದಾದರೆ ಹಿಂದಿನ ವಾರವೇ ಕೊಡಿ, ಗುರುವಾರ ಸಂಜೆ ಅಲ್ಲ. ಹೊಸದಾಗಿ ಬಿಚ್ಚಿ ಕಟ್ಟಿದ್ದು ಸರಿಯಿದೆಯೋ ಅಂತ ನಗರದೊಳಗೆ ನಾಲ್ಕು ದಿನ ಓಡಿಸಿ ನೋಡಬೇಕು. ಟೈರಿನ ಗಾಳಿಯನ್ನು ಗಾಡಿ ತಣ್ಣಗಿರುವಾಗ ಹಿಡಿಸಿ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಎರಡು ಲೆಕ್ಕ ಇರುತ್ತದೆ, ಖಾಲಿ ಗಾಡಿಗೆ ಒಂದು, ತುಂಬಿದ ಗಾಡಿಗೆ ಒಂದು. ನಿಮಗೆ ಬೇಕಾದ್ದು ಎರಡನೆಯದು. ಸ್ಟೆಪ್ನಿಗೂ ಗಾಳಿ ಹಾಕಿಸಿ. ಅದನ್ನು ಯಾರೂ ನೋಡುವುದಿಲ್ಲ, ಹಾಗಾಗಿ ಬೇಕಾದಾಗ ಅದೂ ಚಪ್ಪಟೆಯಾಗಿರುತ್ತದೆ. ಜಾಕು ಎಲ್ಲಿದೆ ಅಂತ ಮನೆಯಲ್ಲೇ ನೋಡಿಕೊಳ್ಳಿ. ಲೈಸೆನ್ಸ್, ಆರ್‌ಸಿ ಡಿಜಿಲಾಕರಿನಲ್ಲಿರಲಿ. ವಿಮೆ, ಹೊಗೆ ಪರೀಕ್ಷೆಯ ದಿನಾಂಕ ನೋಡಿ. ಫಾಸ್ಟ್ಯಾಗಿಗೆ ದುಡ್ಡು ಹಾಕಿ.

ಕೈಯಲ್ಲಿ ನೋಟು ಇಟ್ಟುಕೊಳ್ಳಿ, ಚಿಲ್ಲರೆ ಸಮೇತ. ಸಾಗರ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯುಪಿಐ ನಂಬಿ ಎಳನೀರು ಕುಡಿದರೆ ಕಷ್ಟ. ಮ್ಯಾಪನ್ನೂ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಸಾಮಾನಿನ ವಿಷಯ. ನಲವತ್ತು ಜನ ಸೇರುವ ಮನೆಗೆ ನಿಮ್ಮ ನಿಮ್ಮ ಬೆಡ್‌ಶೀಟು, ಹೊದಿಕೆ, ಟವೆಲ್ ನೀವೇ ತನ್ನಿ. ಅತ್ತೆಯ ಪೆಟ್ಟಿಗೆಯಲ್ಲಿ ಎಷ್ಟು ಕಂಬಳಿ ಇರಲು ಸಾಧ್ಯ? ಟಾರ್ಚು ಬೇಕೇ ಬೇಕು, ಕರೆಂಟು ಹೋಗುತ್ತದೆ. ಅಮ್ಮನಿಗೆ ಒಂದು ವಾರದ ಮಾತ್ರೆ, ಬಿಪಿ ಚೀಟಿಯ ಫೋಟೋ. ಮತ್ತೆ ಮುಖ್ಯವಾದದ್ದು, ಮಡಚುವ ಕಮೋಡ್ ಕುರ್ಚಿ. ಹಳೆಯ ಮನೆಯ ಪಾಯಿಖಾನೆ ಅಂಗಳದಾಚೆ, ಕುಕ್ಕರಗಾಲಲ್ಲಿ ಕೂರುವಂಥದ್ದು. ಮಂಡಿ ನೋವಿನವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ನೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನಾನು ಕುರ್ಚಿ ಒಯ್ದ ವರ್ಷ ಅದನ್ನು ಮೂವರು ಅತ್ತೆಯಂದಿರು ಹಂಚಿಕೊಂಡರು.

ಉಡುಗೊರೆ ಏನು ತರಬೇಕು ಅಂತ ತಲೆಕೆಡಿಸಿಕೊಳ್ಳುವವರಿಗೆ: ಬಾಳೆಹಣ್ಣು, ತೆಂಗಿನಕಾಯಿ ಬೇಡ, ಅವರ ತೋಟದಲ್ಲೇ ಇದೆ. ಮಲ್ಲಿಗೆ ಹೂವು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಮಾವನ ಕಿವಿಯ ಯಂತ್ರಕ್ಕೆ ಬ್ಯಾಟರಿಯಂಥ, ಅಲ್ಲಿ ಹುಡುಕಿದರೂ ಸಿಗದ ಸಣ್ಣ ವಸ್ತು ಏನು ಬೇಕು ಅಂತ ಫೋನ್ ಮಾಡಿ ಕೇಳಿ ತನ್ನಿ. ಸ್ವೀಟ್ ಬಾಕ್ಸ್ ಎಲ್ಲರೂ ತರುತ್ತಾರೆ. ಕೊನೆಗೆ ಅದನ್ನು ತಿನ್ನುವುದು ಇರುವೆಗಳು.

ದಾರಿ

ಬೆಳಗ್ಗೆ 5.30ಕ್ಕೆ ಮನೆ ಬಿಡಬೇಕು. ರಾಜಾಜಿನಗರದ ನಮಗೆ ಪೀಣ್ಯದ ಮೇಲ್ಸೇತುವೆ ಹತ್ತಲು ಹೆಚ್ಚು ಹೊತ್ತು ಬೇಡ. ಮಕ್ಕಳನ್ನು ಮಲಗಿದ ಹಾಗೆಯೇ ಎತ್ತಿ ಹಾಕಿಕೊಳ್ಳಿ, ಹಲ್ಲುಜ್ಜುವುದು ಆಮೇಲಾದರೂ ಆದೀತು. ತುಮಕೂರಿಗೆ 70 ಕಿಲೋಮೀಟರ್. ಅದಕ್ಕೆ ಸ್ವಲ್ಪ ಮೊದಲು ಕ್ಯಾತಸಂದ್ರ. ತಟ್ಟೆ ಇಡ್ಲಿಗೆ ಹೆಸರಾದ ಊರು. ಮೊದಲ ನಿಲುಗಡೆ ಅಲ್ಲೇ. ವಾಂತಿ ಆಗುವವರಿಗೆ ಇಡ್ಲಿಗಿಂತ ಒಳ್ಳೆಯ ತಿಂಡಿ ಇಲ್ಲ. ವಡೆ, ಪೂರಿ ಕೇಳಿದರೆ ಕೊಡಿಸಬೇಡಿ, ಎಷ್ಟೇ ಅತ್ತರೂ. ವಾಂತಿ ಮಾತ್ರೆ ಕೊಡುವುದಿದ್ದರೆ ಎಷ್ಟು, ಯಾವಾಗ ಅಂತ ಡಾಕ್ಟರನ್ನು ಮೊದಲೇ ಕೇಳಿ. ತಿರುವು ಶುರುವಾದ ಮೇಲೆ ಕೊಟ್ಟರೆ ಏನೂ ಉಪಯೋಗವಿಲ್ಲ.

ತುಮಕೂರಿನಲ್ಲಿ ಪುಣೆ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಬೇಕು. ಹಳಬರು ಈಗಲೂ ಇದನ್ನು ಬಿ.ಎಚ್. ರಸ್ತೆ ಅನ್ನುತ್ತಾರೆ, ಬೆಂಗಳೂರು-ಹೊನ್ನಾವರ ರಸ್ತೆ. ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್, ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ. ಈ ಹೆಸರುಗಳನ್ನು ಅಮ್ಮ ಬಸ್ಸಿನ ಬೋರ್ಡು ಓದಿದ ಹಾಗೆ ಹೇಳುತ್ತಾರೆ. ರಸ್ತೆ ಅಗಲ ಮಾಡುವ ಕೆಲಸ ವರ್ಷಗಳಿಂದ ತುಂಡು ತುಂಡಾಗಿ ನಡೆದಿದೆ. ಒಳ್ಳೆಯ ನಾಲ್ಕು ಪಥದಲ್ಲಿ ಹಾಯಾಗಿ ಹೋಗುತ್ತಿರುವಾಗ ಇದ್ದಕ್ಕಿದ್ದ ಹಾಗೆ ಒಂದೇ ಬದಿಗೆ ತಿರುಗಿಸುತ್ತಾರೆ, ಎದುರಿನಿಂದ ತೆಂಗಿನಕಾಯಿ ಲಾರಿ ಬರುತ್ತದೆ. ಇದೇ ಕಾರಣಕ್ಕೆ ಈ ರಸ್ತೆಯಲ್ಲಿ ರಾತ್ರಿ ಓಡಿಸುವುದು ನನಗೆ ಇಷ್ಟವಿಲ್ಲ.

ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ. "ನಿಲ್ಲಿಸಬೇಕಾ ಅಮ್ಮಾ?" ಅಂತ ಕೇಳಬೇಡಿ. "ಬೇಡ ಬೇಡ, ಹೋಗೋಣ" ಅಂತಲೇ ಹೇಳುತ್ತಾರೆ. ನಿಮಗೇ ಸುಸ್ತಾಗಿದೆ ಅಂತ ಹೇಳಿ ನಿಲ್ಲಿಸಿ. ಕೆಳಗಿಳಿದು ನಾಲ್ಕು ಹೆಜ್ಜೆ ನಡೆಸಿ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿನ ಗಾಳಿ ಉಚಿತವಾಗಿ ಕೊಡಬೇಕು ಅಂತ ನಿಯಮವಿದೆ. ಬೀಗ ಹಾಕಿದ್ದರೆ ಕೀ ಕೇಳಿ, ಸಂಕೋಚ ಬೇಡ. ದೊಡ್ಡ ಬಂಕು, ಲಾರಿಗಳಿಗಿಂತ ಕಾರು ಜಾಸ್ತಿ ನಿಂತಿರುವ ಕಡೆ ಸ್ವಲ್ಪ ಚೊಕ್ಕಟವಾಗಿರುತ್ತದೆ.

ಒಂದು ನಿಲುಗಡೆಯನ್ನು ಮಾತ್ರ ಉದ್ದ ಮಾಡಿ. ನಮ್ಮದು ಅಮೃತಾಪುರ. ತರೀಕೆರೆಯಿಂದ ಹತ್ತು ಕಿಲೋಮೀಟರಿನೊಳಗೇ ಇದೆ. 1196ರಲ್ಲಿ ಕಟ್ಟಿದ ಹೊಯ್ಸಳರ ಕಾಲದ ಅಮೃತೇಶ್ವರ ದೇವಸ್ಥಾನ. ಬೇಲೂರು, ಹಳೇಬೀಡಿನ ಜನಜಂಗುಳಿ ಇಲ್ಲ. ಸುತ್ತ ತೋಟ, ಒಳಗೆ ಕಡೆದ ಕಂಬಗಳ ಸಾಲು, ತಣ್ಣನೆಯ ಕಲ್ಲು. ಅಮ್ಮ ಕೈಮುಗಿದು ಕಲ್ಲಿನ ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಾರೆ. ಮಕ್ಕಳು ಓಡಿ ಸುಸ್ತಾಗುತ್ತಾರೆ, ಮುಂದೆ ನಿದ್ದೆ ಮಾಡುತ್ತಾರೆ. ಅರ್ಧ ಗಂಟೆ ಹೋದರೂ ಲಾಭವೇ.

ಊಟ ಶಿವಮೊಗ್ಗದಲ್ಲಿ. ಅಲ್ಲಿಂದ ಸಾಗರಕ್ಕೆ 70 ಕಿಲೋಮೀಟರ್ ಚಿಲ್ಲರೆ. ಆಯನೂರು, ಕುಂಸಿ, ಆನಂದಪುರ ದಾಟುತ್ತಿದ್ದ ಹಾಗೆ ಗಾಳಿಯೇ ಬದಲಾಗುತ್ತದೆ. ಊಟ ಆದ ಕೂಡಲೇ ನನಗೆ ನಿದ್ದೆ ಬರುತ್ತದೆ, ಹಾಗಾಗಿ ಈ ಭಾಗಕ್ಕೆ ಸ್ಟೇರಿಂಗ್ ಯಜಮಾನರಿಗೆ. ಓಡಿಸುವವರು ಒಬ್ಬರೇ ಇದ್ದರೆ ಮರದ ನೆರಳಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಈ ಹೊತ್ತಿಗೆ ಮಾವನ ಫೋನು ಶುರುವಾಗಿರುತ್ತದೆ. "ಎಲ್ಲಿದ್ಯೇ ಕೂಸೇ?" ಓಡಿಸುವವರು ಫೋನ್ ಎತ್ತಬಾರದು. ಆ ಕೆಲಸ ಅಮ್ಮನಿಗೆ ಕೊಡಿ, ಅವರಿಗೆ ಖುಷಿ.

ಸಾಗರದಲ್ಲಿ ಪೆಟ್ರೋಲ್ ತುಂಬಿಸಿ. ಆವಿನಹಳ್ಳಿ ಮೇಲೆ ಹೊಳೆಬಾಗಿಲಿನ ಕಡೆ ತಿರುಗಿದರೆ ರಸ್ತೆ ಸಣ್ಣದು, ತಿರುವು ಜಾಸ್ತಿ. ಇಲ್ಲಿ ಮಗಳು ಮುಂದಿನ ಸೀಟಿಗೆ ಬರುತ್ತಾಳೆ. ಮೊಬೈಲ್ ಕಿತ್ತುಕೊಂಡು, ಕಿಟಕಿ ಇಳಿಸಿ, ದೂರದ ರಸ್ತೆ ನೋಡು ಅಂತ ಹೇಳಬೇಕು. ಎಸಿಗಿಂತ ಹೊರಗಿನ ಗಾಳಿ ಒಳ್ಳೆಯದು.

ಹಿಂದೆ ಇಲ್ಲಿ ಹಿನ್ನೀರು ದಾಟಲು ಲಾಂಚ್ ಕಾಯಬೇಕಿತ್ತು. ಕಾರು, ಬಸ್ಸು, ಜನ ಎಲ್ಲ ಒಂದೇ ಲಾಂಚಿನಲ್ಲಿ. ಕೊನೆಯ ಲಾಂಚ್ ತಪ್ಪಿದರೆ ಹೊಸನಗರ, ಆ ಕಡೆಯ ಇನ್ನೊಂದು ನಿಟ್ಟೂರು ಸುತ್ತಿ ಬರಬೇಕು, ಇಲ್ಲವೇ ಸಾಗರದಲ್ಲಿ ಉಳಿಯಬೇಕು. ಇಡೀ ಪ್ರಯಾಣದ ಲೆಕ್ಕ ಲಾಂಚಿನ ಸಮಯದ ಮೇಲೇ ನಿಂತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾಟ ಇಲ್ಲ. ಸುಮಾರು ಎರಡೂವರೆ ಕಿಲೋಮೀಟರ್, ಎರಡೂ ಕಡೆ ನೀರು. ಆದರೆ ವಾರಾಂತ್ಯದಲ್ಲಿ ಸಿಗಂದೂರು ದೇವಸ್ಥಾನಕ್ಕೆ ಹೋಗುವವರ ಗಾಡಿ ಜಾಸ್ತಿ, ಫೋಟೋಗೆ ಅಂತ ನಡುವೆಯೇ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. ನಿಧಾನ ಹೋಗಿ, ಕಿಟಕಿಯಿಂದ ನೋಡಿದರೂ ಬೇಕಾದಷ್ಟು ಕಾಣುತ್ತದೆ.

ಮನೆ ಸೇರಿದ ಮೇಲೆ

ಬೆಲ್ಲ, ನೀರು ಕೊಡುತ್ತಾರೆ. "ಆಸ್ರಿಗೆ ಎಂತಾ ಬೇಕು?" ಅಂತ ಕೇಳುತ್ತಾರೆ, ಅಂದರೆ ಕುಡಿಯಲು ಏನು ಬೇಕು ಅಂತ. ಮಜ್ಜಿಗೆ ಕೇಳಿ. ಕಾಫಿ ಕೇಳಿದರೆ ಒಲೆ ಹತ್ತಿರ ಒಬ್ಬರು ಮತ್ತೆ ನಿಲ್ಲಬೇಕು.

ಅಡುಗೆಯ ಮಾತು ಮೊದಲೇ ಆಗಿರಬೇಕು. ಕೂಟ ಅಂದರೆ ಆ ಮನೆಯ ಹೆಂಗಸರಿಗೆ ಮೂರು ದಿನ ಒಲೆ ಮುಂದೆ ಬೇಯುವ ಶಿಕ್ಷೆ ಆಗಬಾರದು. ಅತ್ತೆಗೂ ಜಗಲಿಯಲ್ಲಿ ಕೂತು ಹರಟೆ ಹೊಡೆಯುವ ಆಸೆ ಇರುತ್ತದೆ ಅಲ್ವಾ? ಶನಿವಾರದ ಎರಡು ಊಟಕ್ಕೆ ಊರಿನ ಅಡುಗೆ ಭಟ್ಟರನ್ನು ಗೊತ್ತುಮಾಡಿ. ಅಪ್ಪೆಹುಳಿ, ತಂಬುಳಿ, ಹಲಸಿನ ಹಣ್ಣಿನ ಕಡುಬು ಇದ್ದರೆ ನಮ್ಮವರಿಗೆ ಸಾಕು. ಪನೀರು, ಗೋಬಿ ಬೇಡ. ಖರ್ಚನ್ನು ತಲೆಗಿಷ್ಟು ಅಂತ ಹಂಚಬೇಡಿ. ಆಗ ಮಕ್ಕಳು ಜಾಸ್ತಿ ಇರುವವರು, ಒಂಟಿ ಅಜ್ಜಿಯಂದಿರು ಲೆಕ್ಕ ಹಾಕಿಕೊಂಡು ಬರುವುದನ್ನೇ ಬಿಡುತ್ತಾರೆ. ದುಡಿಯುವವರು ಇಷ್ಟಿಷ್ಟು ಅಂತ ಹಾಕಿ, ಒಬ್ಬರ ಖಾತೆಗೆ ಮೊದಲೇ ಕಳಿಸಿ. ಮಾವನ ಕೈಗೆ ಅಲ್ಲೇ ಕೊಡಲು ಹೋದರೆ ತೆಗೆದುಕೊಳ್ಳುವುದಿಲ್ಲ, ಜಗಳವಾಗುತ್ತದೆ. ಭಟ್ಟರಿಗೆ, ಕಿರಾಣಿ ಅಂಗಡಿಗೆ ನೇರವಾಗಿ ಕೊಟ್ಟುಬಿಡಿ.

ಸ್ನಾನಕ್ಕೆ ಬಚ್ಚಲು ಒಂದೇ, ಹಂಡೆಯೂ ಒಂದೇ. ವಯಸ್ಸಾದವರು ಮೊದಲು, ಹುಡುಗರು ಹೊಳೆ ಅನ್ನದೆ ಬಾವಿಕಟ್ಟೆಗೆ. ಹಿನ್ನೀರಿಗೆ ಮಕ್ಕಳನ್ನು ಬಿಡಬೇಡಿ. ಮೇ ತಿಂಗಳಲ್ಲಿ ನೀರು ಇಳಿದ ಕಡೆ ನೆಲ ಗಟ್ಟಿ ಇದ್ದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಕೆಸರು. ಕಾಡಿನ ಕಡೆಯೂ ಅಡ್ಡಾಡಲು ಬಿಡಬೇಡಿ. ಮಂಗನ ಕಾಯಿಲೆ ಈ ಭಾಗದ್ದೇ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು, ಸಾಗರದ ಹಳ್ಳಿಗಳೂ ಅದನ್ನು ಅನುಭವಿಸಿವೆ. ಉಣುಗು (ಉಣ್ಣಿ) ಕಚ್ಚಿದರೆ ಬರುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಜಾಸ್ತಿ, ಅಂದರೆ ನಾವು ಸೇರುವ ಕಾಲಕ್ಕೇ. ತೋಟಕ್ಕೆ ಹೋಗುವುದಾದರೂ ಉದ್ದ ಪ್ಯಾಂಟು ಹಾಕಿಸಿ, ಬಂದ ಮೇಲೆ ಬಿಸಿನೀರು ಸ್ನಾನ. ಊರಿಗೆ ಮರಳಿದ ಮೇಲೆ ಯಾರಿಗಾದರೂ ಜೋರು ಜ್ವರ ಬಂದರೆ, ಸಾಗರ ಕಡೆ ಹೋಗಿದ್ದೆವು ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಶನಿವಾರ ಸಂಜೆಗೆ ಆಟ, ಅಂತ್ಯಾಕ್ಷರಿ ಅಂತ ಪಟ್ಟಿ ಮಾಡುವವರಿದ್ದಾರೆ. ಮಾಡಲಿ. ಆದರೆ ಊಟವಾದ ಮೇಲಿನ ಮಧ್ಯಾಹ್ನವನ್ನು ಖಾಲಿ ಬಿಡಿ. ನಮ್ಮಲ್ಲಿ ಆಗಲೇ ನಿಜವಾದ ಮಾತು ಹೊರಡುವುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಮ್ಮ ಹುಟ್ಟಿದ ಮನೆ, ಗದ್ದೆ, ತೋಟ ಎಲ್ಲ ನೀರಿನಡಿ ಹೋಯಿತು. ಅಜ್ಜ ಮೇಲಿನ ಗುಡ್ಡಕ್ಕೆ ಬಂದು ಈಗಿನ ಮನೆ ಕಟ್ಟಿದರು. ಅಜ್ಜನ ತಮ್ಮಂದಿರು ಶಿವಮೊಗ್ಗದ ಕಡೆ ಹೋದರು. ಕುಟುಂಬ ಚದುರಿದ್ದು ಹಾಗೆ. ಹಾಗಾಗಿ ದೊಡ್ಡಮ್ಮ, ಅಮ್ಮ, ಮಾವ ಮೂವರನ್ನೂ ಒಟ್ಟಿಗೆ ಕೂರಿಸಿ, ಮಧ್ಯೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ. "ಹಳೇ ಕತೆ ಹೇಳಿ" ಅಂದರೆ ಏನೂ ಬರುವುದಿಲ್ಲ. ಸಣ್ಣದನ್ನು ಕೇಳಿ. ಬಾವಿ ಮನೆಯ ಯಾವ ದಿಕ್ಕಿಗಿತ್ತು? ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ? ಗದ್ದೆಗಳಿಗೆ ಏನೇನು ಹೆಸರಿತ್ತು? ಒಂದು ಹೆಸರಿಗೆ ಮೂವರೂ ಜಗಳ ಆಡುತ್ತಾರೆ, ಅಲ್ಲಿಂದ ಮಾತು ಹರಿಯುತ್ತದೆ. ದೊಡ್ಡ ಚಾರ್ಟ್ ಕಾಗದದಲ್ಲಿ ಪೆನ್ಸಿಲಿನಿಂದ ವಂಶವೃಕ್ಷ ಬರೆಯಿಸಿ. ಪೆನ್ನು ಬೇಡ, ಅಳಿಸುವುದು ಬಹಳ ಇರುತ್ತದೆ. ನೀರು ಬಹಳ ಇಳಿದ ವರ್ಷ ಲಿಂಗನಮಕ್ಕಿಗೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಹೊರಗೆ ಕಾಣುತ್ತದೆ. ಅಂಥ ವರ್ಷ ಹಿರಿಯರನ್ನು ಸಂಜೆ ಹೊತ್ತು ಕಾರಿನಲ್ಲಿ ದಡದ ರಸ್ತೆಗೆ ಕರೆದುಕೊಂಡು ಹೋಗಿ. ಕೈ ತೋರಿಸಿ ಹೇಳುವಾಗ ನೆನಪು ಬೇರೆಯೇ ಥರ ಬರುತ್ತದೆ.

ರಾತ್ರಿ ಜಗಲಿಯಲ್ಲಿ ಇಸ್ಪೀಟು ಶುರುವಾಗುತ್ತದೆ, ಎರಡು ಗಂಟೆಗೆ ಮುಗಿದರೆ ಪುಣ್ಯ. ಮರುದಿನ ಗಾಡಿ ಓಡಿಸುವವರಿಗೆ ಒಳಗಿನ ಕೋಣೆ ಕೊಡಿ. ನಾನು ಇದನ್ನು ಶುಕ್ರವಾರವೇ ಕೇಳಿ ಪಡೆದುಕೊಳ್ಳುತ್ತೇನೆ, ಯಾರು ಏನಂದುಕೊಂಡರೂ.

ಹೊರಡುವುದು

ಇದು ಎಲ್ಲಕ್ಕಿಂತ ಕಷ್ಟ. ಭಾನುವಾರ ಬೆಳಗ್ಗೆ 9ಕ್ಕೆ ಹೊರಡುತ್ತೇವೆ ಅಂತ ಶನಿವಾರ ಊಟದ ಪಂಕ್ತಿಯಲ್ಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಆದರೂ "ಊಟ ಮಾಡ್ಕ್ಯಂಡೇ ಹೋಗೇ" ಅನ್ನುತ್ತಾರೆ. ಒಪ್ಪಿದರೆ ಮೂರು ಗಂಟೆ, ನೆಲಮಂಗಲದಲ್ಲಿ ಮಧ್ಯರಾತ್ರಿ, ಸೋಮವಾರ ಆಫೀಸಿನಲ್ಲಿ ತೂಕಡಿಕೆ. ಊಟ ಕಟ್ಟಿಕೊಡಿ ಅಂತ ಕೇಳಿ. ಅತ್ತೆಗೂ ಸಮಾಧಾನ, ದಾರಿಯಲ್ಲಿ ಮೊಸರನ್ನ ನಿಮಗೂ ಸಿಗುತ್ತದೆ.

ಹತ್ತುವ ಮೊದಲು ಮುಂದಿನ ವರ್ಷದ ಕೆಲಸ ಯಾರದ್ದು ಅಂತ ಇಬ್ಬರನ್ನು ಗೊತ್ತುಮಾಡಿ, ಒಬ್ಬರು ಊರಿನವರು, ಒಬ್ಬರು ಹೊರಗಿನವರು. ಬೆಂಗಳೂರು ಮುಟ್ಟಿದ ಮೇಲೆ ಕೇಳಿದರೆ ಯಾರೂ ಸಿಗುವುದಿಲ್ಲ.

ಡಿಕ್ಕಿಯಲ್ಲಿ ಜಾಗ ಉಳಿಸಿಕೊಂಡು ಬಂದಿರಬೇಕು. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಬಕೆಟಿನಲ್ಲಿಟ್ಟು ಸುತ್ತ ಹಳೆ ಟವೆಲ್ ತುರುಕಿ. ಹಪ್ಪಳದ ಕಟ್ಟು ಎಲ್ಲದರ ಮೇಲೆ. ಹಲಸಿನ ಹಣ್ಣನ್ನು ಇಡಿಯಾಗಿ ಹಾಕಲು ಬಂದರೆ ಗಟ್ಟಿಯಾಗಿ ಬೇಡ ಅನ್ನಿ. ಮುಚ್ಚಿದ ಕಾರಿನಲ್ಲಿ ಹತ್ತು ಗಂಟೆ ಆ ವಾಸನೆ ಇದ್ದರೆ ಮಗಳು ತಿಪಟೂರಿನವರೆಗೂ ತಡೆಯುವುದಿಲ್ಲ. ತೊಳೆ ಬಿಡಿಸಿ ಡಬ್ಬಿಗೆ ಹಾಕಿಕೊಡಿ ಅಂತ ಹೇಳಿ, ಬೇಕಾದರೆ ನೀವೇ ಕೈಗೆ ಎಣ್ಣೆ ಹಚ್ಚಿಕೊಂಡು ಕೂರಿ.